ಪೊರೆಯೂ ಗ್ಲಾಕೋಮಾವೂ ಕೂಡಿದಾಗ

ಶಿಕಾರಿಪುರ, ಸೊರಬದ ಹಳ್ಳಿಗಳಿಂದ ಕಣ್ಣಿನ ಪೊರೆ ತೆಗೆಸಲೆಂದು ಶಿವಮೊಗ್ಗೆಗೆ ಹೋಗುವ ವೃದ್ಧರಲ್ಲಿ ಕೆಲವರಿಗೆ, ದೃಷ್ಟಿನರವನ್ನು ಸದ್ದಿಲ್ಲದೆ ಸವೆಯಿಸುವ ಗ್ಲಾಕೋಮಾ ಸಹ ಇರುವುದು ತಪಾಸಣೆಯಲ್ಲಿ ತಿಳಿದುಬರುವುದುಂಟು. ಪೊರೆಯಿಂದ ಮಸುಕಾದ ದೃಷ್ಟಿ ಮರಳುವುದು. ಗ್ಲಾಕೋಮಾದಿಂದ ನಷ್ಟವಾದುದು ಮರಳದು.

ಎರಡೂ ಕೂಡಿದ್ದಾಗ ಒಂದೇ ಬಾರಿಗೆ ಎರಡಕ್ಕೂ ಶಸ್ತ್ರಕ್ರಿಯೆ ಮಾಡಬಹುದು. ಗ್ಲಾಕೋಮಾದಲ್ಲಿ ಕಣ್ಣಿನ ಒಳಒತ್ತಡವನ್ನು ಇಳಿಸಲು ಮಾಡುವ, 1968ರಲ್ಲಿ ವೈದ್ಯ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಕ್ರಿಯೆಯಲ್ಲಿ, ಕಣ್ಣಿನ ಬಿಳಿಭಾಗದ ಪದರವೊಂದನ್ನು ಮುಚ್ಚಳದಂತೆ ಎತ್ತಿ, ಅದರಡಿ ಸೂಕ್ಷ್ಮ ರಂಧ್ರವನ್ನು ಮಾಡಿ, ಒಳದ್ರವಕ್ಕೆ ನೂತನ ಮಾರ್ಗವನ್ನು ಕಲ್ಪಿಸುವರು; ಆ ಛೇದದ ಮೂಲಕವೇ ಪೊರೆಯನ್ನೂ ತೆಗೆದರೆ ಅದು ಏಕಸ್ಥಾನ ವಿಧಾನ, ಪೊರೆಗೆಂದು ಪಾರ್ಶ್ವದಲ್ಲಿ ಬೇರೊಂದು ಛೇದವನ್ನು ಮಾಡಿದರೆ ದ್ವಿಸ್ಥಾನ ವಿಧಾನ. ಮೊದಲನೆಯದರಲ್ಲಿ ಕಾಲ ಉಳಿಯುವುದು. ಎರಡನೆಯದರಲ್ಲಿ ದ್ರವಮಾರ್ಗದ ಸುತ್ತಣ ಅಂಗಾಂಶಕ್ಕೆ ಪೆಟ್ಟು ಕಡಿಮೆ. ಒತ್ತಡವನ್ನು ಇಳಿಸುವುದರಲ್ಲಿ ಉಭಯವೂ ಬಹುಮಟ್ಟಿಗೆ ಸಮಾನ. ಗ್ಲಾಕೋಮಾ ಸೌಮ್ಯವಾಗಿದ್ದಲ್ಲಿ ಪೊರೆಯನ್ನಷ್ಟೇ ತೆಗೆದು ಒತ್ತಡದ ಹನಿಮದ್ದನ್ನು ಮುಂದುವರಿಸಿದರೂ ಸಾಕಾಗಬಹುದು.

ಆದುದರಿಂದ ಪೊರೆಯ ಶಸ್ತ್ರಕ್ರಿಯೆಗೆ ಮುನ್ನ ಕಣ್ಣಿನ ಒತ್ತಡದ ಹಾಗೂ ದೃಷ್ಟಿನರದ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಿರಿ.