ತೆಂಗಿನ ಹಾಲು, ಶಿಲುಬೆಯ ಗುರುತು

ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆ. ಮರುದಿನ ಇಗರ್ಜಿಯಲ್ಲಿ ಮದುವೆ. ಚಪ್ಪರದ ಕೆಳಗೆ ಮದುಮಗಳನ್ನು ಕುಳ್ಳಿರಿಸಿ, ಶಿಲುಬೆಯ ಗುರುತಿನೊಡನೆ ಪ್ರಾರ್ಥನೆಯನ್ನು ಆರಂಭಿಸುತ್ತಾರೆ. ಅದು ಮುಗಿದೊಡನೆ ಹಿರಿಯರೂ ನಂಟರೂ ಒಬ್ಬೊಬ್ಬರಾಗಿ ಬಂದು, ಅವಳಿಗೆ ಎಣ್ಣೆಯನ್ನೂ ತೆಂಗಿನ ಹಾಲನ್ನೂ ಹಚ್ಚಿ ಹರಸುವರು. ಹಿರಿಯಾಕೆಯೊಬ್ಬಳು ಹಾಡನ್ನು ಎತ್ತಿಕೊಡುವಳು. ಉಳಿದ ಹೆಂಗಸರು ದನಿಗೂಡಿಸುವರು. ಈ ಶಾಸ್ತ್ರಕ್ಕೆ ರೋಸ್ ಎಂದು ಹೆಸರು. ಹಾಡುಗಳಿಗೆ ವೊವಿಯೊ ಎಂದು ಹೆಸರು. ಮದುಮಗನ ಮನೆಯಲ್ಲಿಯೂ ಇದೇ ಸಂಭ್ರಮ. ಇದನ್ನು ಕಂಡ ನೆರೆಮನೆಯ ಹಿಂದೂ ಗೃಹಿಣಿಗೆ ತನ್ನ ಮನೆಯ ಎಣ್ಣೆಯರಿಸಿನದ ಶಾಸ್ತ್ರವೇ ನೆನಪಾದರೆ ಅಚ್ಚರಿಯೇನೂ ಇಲ್ಲ.

ಮುಂದಿನ ವಿಧಿಗಳಲ್ಲಿಯೂ ಈ ಬೆಸುಗೆಯನ್ನು ಕಾಣಬಹುದು. ಇಗರ್ಜಿಯಲ್ಲಿ ಬಿಳಿಯ ಉಡುಪು, ಉಂಗುರಗಳ ವಿನಿಮಯ. ಬಳಿಕ ಸಾಡೊ ಎಂಬ ಕೆಂಪು ಸೀರೆ, ಕೊರಳಿಗೆ ಕರಿಮಣಿ. ಕೊನೆಗೆ ತಾಯಿತಂದೆಗಳು ಮಗಳನ್ನು ಗಂಡನ ಮನೆಯವರ ಕೈಗೊಪ್ಪಿಸುವ ಗಳಿಗೆ. ಕನ್ನಡನಾಡಿನ ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಹೇಗೋ ಹಾಗೆಯೇ, ಇಲ್ಲಿಯೂ ಕಣ್ಣು ಒದ್ದೆಯಾಗದವರು ವಿರಳ.

ಆದರೆ ಇದು ಸುಲಭವಾಗಿ ಉಳಿದುಬಂದ ಸೊತ್ತಲ್ಲ. ಈ ಜನರ ಪೂರ್ವಿಕರು ಗೋವೆಯವರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಅವರು ಕ್ರೈಸ್ತಮತವನ್ನು ಸೇರಿದರೂ ಮದುವೆಯ ಹಾಡನ್ನು ಬಿಡಲಿಲ್ಲ. 1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಾಲಯವು ಸ್ಥಾಪಿತವಾಯಿತು. ಅದು 1736ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ವಧೂವರರ ಮೈಗೆ ಎಣ್ಣೆ ಮೊದಲಾದುವನ್ನು ಹಚ್ಚುವುದೂ ಮದುವೆಯಲ್ಲಿ ವೊವಿಯೊ ಹಾಡುವುದೂ ನಿಷಿದ್ಧವಾದುವು. ಯುದ್ಧ, ಕ್ಷಾಮ, ಮತವಿಚಾರಣೆಯ ಭೀತಿ ಮುಂತಾದ ಕಾರಣಗಳಿಂದ ಅನೇಕ ಕುಟುಂಬಗಳು ತೆಂಕಣ ಕರಾವಳಿಗೆ ಬಂದಿದ್ದುವು. ಕೆಳದಿಯ ಅರಸರ ಆಶ್ರಯದಲ್ಲಿದ್ದ ಆ ನೆಲಕ್ಕೆ ಗೋವೆಯ ಆಜ್ಞೆ ತಾಕಲಿಲ್ಲ.

ಇಲ್ಲಿಯೂ ಕಷ್ಟ ತಪ್ಪಲಿಲ್ಲ. 1784ರಲ್ಲಿ ಟಿಪ್ಪುಸುಲ್ತಾನನು ಇವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. 1799ರಲ್ಲಿ ಬಿಡುಗಡೆ ಹೊಂದಿ, ಉಳಿದವರಲ್ಲಿ ಹಲವರು ಮರಳಿ ಬಂದರು. ಅವರೊಡನೆ ಮದುವೆಯ ಶಾಸ್ತ್ರಗಳೂ ಮರಳಿದುವು.

ಇದರಲ್ಲೊಂದು ವಿಪರ್ಯಾಸವುಂಟು. ಆಯಾ ನಾಡಿನ ಶ್ಲಾಘ್ಯವಾದ ವಿವಾಹಪದ್ಧತಿಗಳು ಉಳಿಯಬೇಕೆಂದು ಟ್ರೆಂಟ್ ನಗರದ ಧರ್ಮಸಭೆಯು 1563ರಲ್ಲಿಯೇ ಬಯಸಿದ್ದಿತು. ನಾನೂರು ವರ್ಷಗಳ ಅನಂತರ, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯು ಅದೇ ಮಾತನ್ನು ಪುನಃ ಸಾರಿತು. ನಡುವಣ ಕಾಲದಲ್ಲಿ ಗೋವೆಯ ಅಧಿಕಾರಿಗಳು ಮರೆತುದನ್ನು ಮನೆಯ ಹೆಂಗಸರು ಕಾಪಾಡಿಕೊಂಡು ಬಂದಿದ್ದರು. ಅವರಿಗೆ ಶಿಲುಬೆಗೂ ತೆಂಗಿನ ಹಾಲಿಗೂ ಜಗಳವಿರಲಿಲ್ಲ.

ಇಂದು ರೋಸ್ ಮನೆಯಂಗಳವನ್ನು ದಾಟಿ ಮದುವೆಯ ಸಭಾಂಗಣಕ್ಕೂ ಕಡಲಾಚೆಯ ಊರುಗಳಿಗೂ ಹೋಗಿದೆ. ತೆಂಗಿನ ಹಾಲು ಎಲ್ಲಿಯಾದರೂ ದೊರೆತೀತು. ಹಾಡನ್ನು ಎತ್ತಿಕೊಡಬಲ್ಲ ಹಿರಿಯಾಕೆ ಎಲ್ಲೆಡೆಯೂ ದೊರೆಯಳು. ರಾಜಾಜ್ಞೆಗೆ ಬಗ್ಗದ ಹಾಡು ಮರೆವಿಗೆ ಬಲಿಯಾಗಬಾರದು. ಅಜ್ಜಿಯ ಪಕ್ಕದಲ್ಲಿ ಕುಳಿತು ಮೊಮ್ಮಗಳು ಒಂದೆರಡು ವೊವಿಗಳನ್ನಾದರೂ ಕಲಿತಳೆಂದರೆ, ಮುಂದಿನ ಮದುವೆಗೆ ಅಷ್ಟು ಸಾಕು.