ಒಂದು ಹೊಳೆ, ನಾಲ್ಕು ತಾಲೂಕು: ಮಲಪ್ರಭೆಯ ದಂಡೆಯಲ್ಲಿ ಯೋಜನೆಯ ವಿಚಾರ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳನ್ನು ಕಂದಾಯ ಇಲಾಖೆಯ ಗೆರೆಗಳು ಬೇರ್ಪಡಿಸಿದ್ದರೆ, ಮಲಪ್ರಭೆಯು ಅವನ್ನು ಒಂದೇ ಸೂತ್ರದಲ್ಲಿ ಪೋಣಿಸಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಯು ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳ ದಂಡೆಯನ್ನು ಮುಟ್ಟಿ, ನವಿಲುತೀರ್ಥದ ಗುಡ್ಡಗಳ ಇಕ್ಕಟ್ಟಿನಲ್ಲಿ ತಡೆಯಲ್ಪಟ್ಟು, ಮುಂದೆ ಮುನವಳ್ಳಿ, ರಾಮದುರ್ಗಗಳನ್ನು ಬಳಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆಯಾದರೋ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಕ್ಷೀಣಿಸುತ್ತದೆ. ಕಿತ್ತೂರಿನ ಸೀಮೆಯಲ್ಲಿ ಭತ್ತಕ್ಕೂ ಒದಗುವ ಮುಂಗಾರು ರಾಮದುರ್ಗದ ಮಡ್ಡಿಯನ್ನು ತಲುಪುವ ಹೊತ್ತಿಗೆ ಸಜ್ಜೆ, ಜೋಳಕ್ಕೂ ಸಾಲದಾಗುತ್ತದೆ. ಆದುದರಿಂದ ಮೇಲಿನವರು ನೀರನ್ನೂ ಮಣ್ಣನ್ನೂ ಬಳಸುವ ರೀತಿಯ ಫಲವನ್ನು ಕೆಳಗಿನವರು ಉಣ್ಣಬೇಕಾಗುತ್ತದೆ.

1970ರ ದಶಕದ ಮೊದಲ ವರ್ಷಗಳಲ್ಲಿ ಪೂರ್ಣಗೊಂಡ ರೇಣುಕಾಸಾಗರವು ಸುಮಾರು 37 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಇದರ ಉದ್ದೇಶ ಕಬ್ಬಿನ ಗದ್ದೆಗಳನ್ನು ಬೆಳೆಸುವುದಾಗಿರಲಿಲ್ಲ. ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದಗಳ ಎರೆಹೊಲಗಳಿಗೆ ಹತ್ತಿ, ಜೋಳ, ಗೋದಿಗಳಂತಹ ಮಿತನೀರಿನ ಬೆಳೆಗಳನ್ನು ಕಾಯ್ದುಕೊಡುವುದೇ ಅದಾಗಿತ್ತು. ಆದರೆ ಎರೆಭೂಮಿಗೆ ನೀರು ಕೊಟ್ಟವರು ಆ ನೀರು ಬಸಿದುಹೋಗುವ ದಾರಿಯನ್ನು ಅಷ್ಟೇ ಶ್ರದ್ಧೆಯಿಂದ ಯೋಚಿಸಲಿಲ್ಲ. ಕಾಲುವೆಯ ಕೆಳಗಿನ ಎಷ್ಟೋ ಫಲವತ್ತಾದ ಹೊಲಗಳು ಸವಳು-ಜವಳಿಗೆ ತುತ್ತಾದವು. ಒಂದೆಡೆ ವರಲಕ್ಷ್ಮಿ ಹತ್ತಿಯ ಬೆಲೆ ಕುಸಿದು, ಮತ್ತೊಂದೆಡೆ ನೀರು ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಬಂದಾಗ, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಅಸಮಾಧಾನವು ಬೀದಿಗಿಳಿದು ಗೋಲೀಬಾರಿನಲ್ಲಿ ಪರ್ಯವಸಾನವಾಯಿತು. ನೀರಾವರಿಯ ಲೆಕ್ಕ ಒಂದು ಕಚೇರಿಯಲ್ಲಿ, ಬೆಳೆಯ ಲೆಕ್ಕ ಮತ್ತೊಂದರಲ್ಲಿ, ಕರದ ಲೆಕ್ಕ ಮಗದೊಂದರಲ್ಲಿ ಇದ್ದುದರ ಪರಿಣಾಮವಿದು ಎಂದರೆ ತಪ್ಪಾಗಲಾರದು.

ಅಣೆಕಟ್ಟಿನ ಕೆಳಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಜಲಾಶಯವು ತುಂಬದ ವರ್ಷಗಳೇ ಹೆಚ್ಚಾದುದರಿಂದ ಹೊಳೆಯು ಬಹುಕಾಲ ಒಣಗಿಯೇ ಇರುತ್ತಿತ್ತು. ಹರಿಯದ ಹೊಳೆಯನ್ನು ಹೊಳೆಯೆಂದು ನೆನಪಿಡುವವರು ಯಾರು? ಪಾತ್ರದೊಳಗೆ ಒಡ್ಡುಗಳೆದ್ದವು, ಕಬ್ಬು, ಗೋವಿನಜೋಳ ಬೆಳೆದವು, ಪಟ್ಟಣಗಳ ಅಂಚಿನಲ್ಲಿ ಮನೆಗಳೂ ಕೆಳಕ್ಕಿಳಿದವು. 2019ರ ಆಗಸ್ಟ್‌ನಲ್ಲಿ ಘಟ್ಟದ ಅಂಚಿನಲ್ಲಿ ಸುರಿದ ಮಳೆಗೆ ಜಲಾಶಯವು ಕೆಲವೇ ದಿನಗಳಲ್ಲಿ ತುಂಬಿ, ದ್ವಾರಗಳನ್ನು ತೆರೆಯಲೇಬೇಕಾಯಿತು. ಕಿರಿದಾದ ಪಾತ್ರವು ಆ ನೀರನ್ನು ತಾಳಲಿಲ್ಲ. ಮುನವಳ್ಳಿ, ರಾಮದುರ್ಗ, ಸುರೇಬಾನಗಳ ಕಡೆ ನೀರು ನುಗ್ಗಿ, ರಾಮದುರ್ಗದ ನೇಕಾರರ ಮನೆಗಳಲ್ಲಿ ಮಗ್ಗ, ನೂಲು, ನೇಯ್ದ ಬಟ್ಟೆಗಳೆಲ್ಲ ಕೆಸರಿನಲ್ಲಿ ಹೂತವು. ನೇಕಾರನಿಗೆ ಮನೆಯೇ ಕಾರ್ಖಾನೆ. ಮನೆಗೆ ನೀರು ಬಂದರೆ ವಾಸವೂ ಉದ್ಯೋಗವೂ ಒಂದೇ ರಾತ್ರಿಯಲ್ಲಿ ಹೋಗುತ್ತವೆ. ಒತ್ತುವರಿ ಮಾಡಿದವರೆಲ್ಲ ದುರಾಸೆಯವರೆಂದು ಹಳಿಯುವುದೂ ಸುಲಭ. ಆದರೆ ತುಂಡುಭೂಮಿಯ ರೈತನಿಗೆ ಪಾತ್ರದ ಮೆಕ್ಕಲು ಮಣ್ಣಿನ ಹೊರತು ಬೇರೆ ಆಸರೆ ಇತ್ತೇ ಎಂಬುದನ್ನೂ ಕೇಳಬೇಕು.

ಇವೆಲ್ಲವನ್ನೂ ಒಟ್ಟಿಗೆ ನೋಡುವ ವ್ಯವಸ್ಥೆ ಕಾನೂನಿನಲ್ಲಿ ಇಲ್ಲದಿಲ್ಲ. ಪಟ್ಟಣದ ಭೂಬಳಕೆಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯುಂಟು. ಹಳ್ಳಿಯ ಯೋಜನೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯುಂಟು. ಇವೆರಡನ್ನೂ ಜೋಡಿಸಲೆಂದೇ ಸಂವಿಧಾನದ 74ನೆಯ ತಿದ್ದುಪಡಿಯು ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿತು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಂತೆ ಪಂಚಾಯತಿ ಮತ್ತು ಪುರಸಭೆಗಳ ಚುನಾಯಿತರೇ ಇರಬೇಕು. ಸ್ಥಳಯೋಜನೆ, ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಸಂರಕ್ಷಣೆ ಇವನ್ನು ಗಮನಿಸಿಯೇ ಅದು ಕರಡು ಯೋಜನೆಯನ್ನು ಸಿದ್ಧಪಡಿಸಬೇಕು. ಆದರೆ ಗ್ರಾಮಸಭೆಯಿಂದ ಮೇಲಕ್ಕೆ ಬರುವುದು ಹೆಚ್ಚಾಗಿ ಗಟಾರು, ಕೂಡುರಸ್ತೆ, ಸಮುದಾಯಭವನಗಳ ಯಾದಿ. ಹಳ್ಳದ ಹರಿವು ಎತ್ತ, ಬಸಿನೀರು ಎಲ್ಲಿ ನಿಲ್ಲುತ್ತದೆ ಎಂಬ ನಕ್ಷೆಯು ಆ ಯಾದಿಯೊಡನೆ ಬರುವುದಿಲ್ಲ. ಯಾದಿಗಳನ್ನು ಕೂಡಿಸಿ ಹೊಲಿದರೆ ಯೋಜನೆ ಆಗುವುದಿಲ್ಲ.

ಮಹದಾಯಿ ನ್ಯಾಯಾಧಿಕರಣವು 2018ರಲ್ಲಿ ಕಳಸಾ ಮತ್ತು ಬಂಡೂರಿ ನಾಲೆಗಳಿಂದ ಮಲಪ್ರಭೆಗೆ 3.90 ಟಿ.ಎಂ.ಸಿ. ತಿರುವಿಗೆ ಅವಕಾಶವಿತ್ತಿತು. ಜನರು ದೀರ್ಘಕಾಲ ಹೋರಾಡಿ ಪಡೆದ ನೀರು ಅದು. ಆದರೆ ಜಲಾಶಯದ ಧಾರಣಶಕ್ತಿಯ ಮುಂದಿಟ್ಟು ನೋಡಿದರೆ ಅದು ಹತ್ತರಲ್ಲಿ ಒಂದು ಪಾಲು ಮಾತ್ರ. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರೂ ಇದೇ ಸಾಗರದಿಂದ ಹೋಗಬೇಕು. ಉಳಿದ ಒಂಬತ್ತು ಪಾಲು ಖಾನಾಪುರದ ಅಡವಿ, ಕಿತ್ತೂರಿನ ಕೆರೆಗಳು, ಬೈಲಹೊಂಗಲದ ಹೊಲದ ಒಡ್ಡುಗಳು ಹೇಗಿವೆ ಎಂಬುದರ ಮೇಲೆ ನಿಂತಿದೆ. ಅಲ್ಲಿ ಕೊಚ್ಚಿದ ಮಣ್ಣೆಲ್ಲ ಕೊನೆಗೆ ನವಿಲುತೀರ್ಥದ ತಳ ಸೇರುತ್ತದೆ.

ಆದಕಾರಣ ಮೊದಲು ಆಗಬೇಕಾದುದು ಹೊಳೆಯ ಹದ್ದುಬಸ್ತು. ಹಳೆಯ ಮೋಜಣಿ ನಕ್ಷೆ ಹಾಗೂ 2019ರ ನೆರೆ ಮುಟ್ಟಿದ ಗುರುತು, ಇವೆರಡನ್ನೂ ಗ್ರಾಮಸಭೆಯ ಎದುರಿಗೆ ಹರಡಿ ಕಲ್ಲು ನೆಡಬೇಕು. ಗೆರೆಯೊಳಗೆ ಬಂದ ನೇಕಾರರಿಗೆ ಎತ್ತರದ ನೆಲದಲ್ಲಿ ನಿವೇಶನದೊಡನೆ ಮಗ್ಗದ ಕೋಣೆಯನ್ನೂ, ತುಂಡುಭೂಮಿಯವರಿಗೆ ಪರ್ಯಾಯ ಜೀವನೋಪಾಯವನ್ನೂ ಅದೇ ಯೋಜನೆಯ ಅದೇ ಪುಟದಲ್ಲಿ ಬರೆಯಬೇಕು. ಬೇರೆ ಪುಟದಲ್ಲಿ ಬರೆದರೆ ಕಲ್ಲು ಒಂದು ವರ್ಷ ನಿಂತೀತು, ಮರುವರ್ಷ ಉತ್ತು ಹೋದೀತು.