ತಮ್ಮ ಕೆಲಸವಲ್ಲದಿದ್ದರೂ ಮಾಡುವವರು

ಪ್ರಶ್ನೆ: ಒಂದು ಕಾಲೇಜಿನಲ್ಲಿ ಸಿಬ್ಬಂದಿ ಹೇಳದೆಯೇ ನೆರವಾಗುತ್ತಾರೆ, ಇನ್ನೊಂದರಲ್ಲಿ ‘ಅದು ನನ್ನ ಕೆಲಸವಲ್ಲ’ ಎನ್ನುತ್ತಾರೆ. ಸಂಬಳವೇ ಕಾರಣವೇ?
– ಓದುಗರು, ಮೂಡುಬಿದಿರೆ

ಉತ್ತರ: ಸಂಬಳ ಮುಖ್ಯವೇ. ಆದರೆ ಅದೊಂದೇ ಕಾರಣವಲ್ಲ. ಜನ ಮನಸ್ಸಿಟ್ಟು ಸಹಕರಿಸದೆ ಸಂಸ್ಥೆ ನಡೆಯದು ಎಂದು ನಿರ್ವಹಣಾ ಚಿಂತಕ ಚೆಸ್ಟರ್ ಬರ್ನಾರ್ಡ್ 1938ರಲ್ಲೇ ವಾದಿಸಿದ್ದರು. 1980ರ ದಶಕದಲ್ಲಿ ಸಂಶೋಧಕ ಡೆನ್ನಿಸ್ ಆರ್ಗನ್ ಈ ಸ್ವಯಂಪ್ರೇರಿತ ನೆರವನ್ನೇ ಅಧ್ಯಯನದ ವಿಷಯವಾಗಿಸಿದರು. ಕೆಲಸದ ಹಂಚಿಕೆ, ರಜೆ, ಬಡ್ತಿಗಳಲ್ಲಿ ನ್ಯಾಯವಿದೆ ಎನಿಸಿದ ಕಡೆ ತೃಪ್ತಿಯೂ ನೆರವೂ ಹೆಚ್ಚು ಎಂದು ಅನಂತರದ ಅಧ್ಯಯನಗಳು ತೋರಿಸಿವೆ.

ಬೆಳ್ತಂಗಡಿ ಕಡೆಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಸಂಜೆ ಕಚೇರಿಗೆ ಬರುತ್ತಾಳೆ ಎನ್ನಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಕೊನೆಯ ಬಸ್ಸು ಹೊರಡಲಿದೆ. ಗುಮಾಸ್ತರು ಕುರ್ಚಿ ಎಳೆದು ಕೂರಿಸಿ, ತಪ್ಪು ತೋರಿಸಿ, ಬ್ಯಾಂಕಿನಲ್ಲಿ ಏನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಯಾವ ಸೇವಾ ನಿಯಮದಲ್ಲೂ ಇಲ್ಲದ ಕೆಲಸವಿದು. ಹಿಂದಿನ ದಿನ ಪ್ರಾಂಶುಪಾಲರು ಅವರನ್ನು ಎಲ್ಲರೆದುರು ಗದರಿದ್ದರೆ ಬಹುಶಃ ‘ನಾಳೆ ಬಾ’ ಎನ್ನುತ್ತಿದ್ದರು.

ಇಂಥ ನೆರವು ದೊಡ್ಡ ಸಮಾರಂಭಗಳಲ್ಲೂ ಬೇಕಾಗುತ್ತದೆ; ನಿಮ್ಮೂರಿಗೆ ಅವು ಹೊಸವಲ್ಲ. 2004ರಲ್ಲಿ ಆರಂಭವಾದ ಕನ್ನಡ ಸಮ್ಮೇಳನ ಆಳ್ವಾಸ್ ನುಡಿಸಿರಿ, 2022ರ ಡಿಸೆಂಬರಿನ ಸ್ಕೌಟ್ಸ್–ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಸಾವಿರಾರು ಜನರನ್ನು ಸೇರಿಸಿದಂಥವು. ಎಲ್ಲೇ ಆಗಲಿ, ಅಂಥ ಹೊತ್ತಿನಲ್ಲಿ ಊಟದ ಸಾಲು, ವಸತಿ ನೋಡಿಕೊಳ್ಳಲು ಅಧ್ಯಾಪಕರು ಖುಷಿಯಿಂದ ನಿಲ್ಲುವುದುಂಟು. ಆದರೆ ಒಲ್ಲೆನೆಂದವರ ಹೆಸರು ಗುರುತಿಟ್ಟುಕೊಂಡರೆ ಅದು ಬಿಟ್ಟಿ ದುಡಿಮೆ. ಆಗ ದಣಿವೂ ಬೇಸರವೂ ಹೆಚ್ಚಿ, ಕೆಲಸ ಬಿಡುವ ಯೋಚನೆ ಶುರುವಾಗುತ್ತದೆ. ಅತಿಥಿ ಉಪನ್ಯಾಸಕರಿಗಂತೂ ಮುಂದಿನ ವರ್ಷದ ನೇಮಕದ ಭಯದಲ್ಲಿ ‘ಇಲ್ಲ’ ಎನ್ನುವ ಧೈರ್ಯವೇ ಇರುವುದಿಲ್ಲ.